ಜೀರ್ಣೋದ್ಧಾರದ ಧರ್ಮ

ಹಾಳಾದುದನ್ನು ಎತ್ತಿ ನಿಲ್ಲಿಸುವುದು ಪುಣ್ಯಕಾರ್ಯವೆಂಬುದು ನಮ್ಮ ಜನರ ದೃಢವಾದ ನಂಬಿಗೆ. ಬಿದ್ದ ಗುಡಿಯನ್ನು ಕಟ್ಟಿಸಿದವರನ್ನೂ ಒಡೆದ ಕೆರೆಯ ಏರಿಯನ್ನು ಸರಿಪಡಿಸಿದವರನ್ನೂ ನಾಡಿನ ಶಾಸನಗಳು ಕೊಂಡಾಡಿವೆ. ದಾನ ಮಾಡುವುದಕ್ಕಿಂತ, ಹಿಂದಿನವರು ಮಾಡಿದ ದಾನವನ್ನು ಪಾಲಿಸುವುದು ಶ್ರೇಯಸ್ಕರವೆಂಬ ಅರ್ಥದ ಶ್ಲೋಕ ಎಷ್ಟೋ ಶಾಸನಗಳ ಕೊನೆಯಲ್ಲಿದೆ. ಈ ಮಾತಿನಲ್ಲಿ ಸಂದೇಹವಿಲ್ಲ. ಆದರೆ ಹಳೆಯದನ್ನು ಉಳಿಸುವ ಕಾರ್ಯಕ್ಕೂ ತನ್ನದೇ ಆದ ಒಂದು ಧರ್ಮವಿದೆ. ಆ ಧರ್ಮವನ್ನು ಅರಿಯದೆ ಕೈಯಿಟ್ಟರೆ ಉದ್ಧಾರವೆಂಬುದು ಹಾನಿಯಾಗಿ ಪರಿಣಮಿಸುತ್ತದೆ. ಇದನ್ನು ನಾವು ಗ್ರಂಥಗಳಿಂದ ತಿಳಿಯಲಿಲ್ಲ. ಒಂದು ಹಳೆಯ ಕಾರಿನಿಂದ, ತಡವಾಗಿ, ಪಶ್ಚಾತ್ತಾಪದೊಡನೆ ತಿಳಿದೆವು. ಸದ್ಭಕ್ತರ ಮುಂದೆ ಅದನ್ನು ನಿವೇದಿಸುವುದು ಈ ಲೇಖನದ ಉದ್ದೇಶ.

ನಮ್ಮ ಹಿರಿಯ ಗುರುಗಳು 1964ರಲ್ಲಿ ಭಕ್ತರ ಕಾಣಿಕೆಯಿಂದ ಒಂದು ಅಂಬಾಸಡರ್ ಕಾರನ್ನು ಕೊಂಡಿದ್ದರು. ಹೊಸಪೇಟೆಯಿಂದ ಸಂಡೂರಿನ ಘಟ್ಟದ ದಾರಿ, ಕಮಲಾಪುರದ ಮೇಲೆ ಹಾಯ್ದು ಕಂಪ್ಲಿಯ ಗದ್ದೆಬಯಲು, ಇವೇ ಅದರ ಸಂಚಾರದ ಹಾದಿಗಳು. ಜಾತ್ರೆಗೆ, ಪಾದಪೂಜೆಗೆ, ಶಾಲೆಯ ಚಂದಾ ಎತ್ತುವುದಕ್ಕೆ ಅದೇ ವಾಹನ. ಹೆರಿಗೆಯ ನೋವಿನಲ್ಲಿದ್ದ ತಾಯಂದಿರನ್ನು ನಡುರಾತ್ರಿ ಆಸ್ಪತ್ರೆಗೆ ಸೇರಿಸಿದ್ದೂ ಅದೇ. ವಟುವಾಗಿದ್ದಾಗ ಅದನ್ನು ಹಲವು ಬಾರಿ ತೊಳೆದಿದ್ದೇವೆ. ಬಾಗಿಲಿನ ಸಂದಿಯಿಂದ ಇಳಿಯುತ್ತಿದ್ದ ಕೆಂಪು ಅದಿರಿನ ನೀರು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 1998ರಲ್ಲಿ ಗುರುಗಳು ಲಿಂಗೈಕ್ಯರಾದರು. ಮಠದ ಭಾರ ನಮ್ಮ ಮೇಲೆ ಬಂದಿತು. ವೇಗದ ಹೊಸ ವಾಹನವೂ ಬಂದಿತು. ಹಳೆಯ ಕಾರನ್ನು ದನದ ಕೊಟ್ಟಿಗೆಯ ಪಕ್ಕದ ತಗಡಿನ ಚಾವಣಿಯ ಕೆಳಗೆ ನಿಲ್ಲಿಸಿದವರು ನಾವೇ. ಹದಿನಾರು ವರ್ಷ ಅದು ಅಲ್ಲಿಯೇ ನಿಂತಿತು. ಕೋಳಿಗಳು ಅದರೊಳಗೆ ಮೊಟ್ಟೆಯಿಟ್ಟವು. ಇಲಿಗಳು ವಯರುಗಳನ್ನು ಕಡಿದವು.

2014ರ ಮೇ ತಿಂಗಳಿನಲ್ಲಿ, ಬಂಗಾಳದ ಉತ್ತರಪಾಡದ ಕಾರ್ಖಾನೆಯು ಅಂಬಾಸಡರ್ ಕಾರುಗಳ ತಯಾರಿಕೆಯನ್ನು ನಿಲ್ಲಿಸಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಮರುವರ್ಷದ ಆರಂಭದಲ್ಲಿಯೇ ಗುರುಗಳ ಜನ್ಮಶತಮಾನೋತ್ಸವವಿದ್ದಿತು. ಧರ್ಮಸ್ಥಳದಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಕೂಡಿಸಿರುವ ಹಳೆಯ ಕಾರುಗಳನ್ನು ನೋಡಿ ಬಂದಿದ್ದ ಕೆಲವು ಭಕ್ತರು, ಗುರುಗಳ ಕಾರನ್ನೂ ಹಾಗೆಯೇ ಸಿದ್ಧಪಡಿಸಿ ಮೆರವಣಿಗೆಯಲ್ಲಿ ನಡೆಸಬೇಕೆಂದರು. ನಮಗೂ ಉತ್ಸಾಹವುಂಟಾಯಿತು. ಆ ಉತ್ಸಾಹದಲ್ಲಿ ಭಕ್ತಿ ಎಷ್ಟಿತ್ತು, ಹದಿನಾರು ವರ್ಷದ ಉಪೇಕ್ಷೆಯನ್ನು ಜನರ ಕಣ್ಣಿನಿಂದ ಮರೆಮಾಡುವ ಆತುರ ಎಷ್ಟಿತ್ತು ಎಂಬುದನ್ನು ಇಂದಿಗೂ ನಿಶ್ಚಯವಾಗಿ ಹೇಳಲಾರೆವು.

ಹೊಸಪೇಟೆಯ ವೃದ್ಧ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ನಲವತ್ತು ವರ್ಷ ಲಾರಿಗಳ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸಿದ ಕೈ ಅವರದು. ಕಾರಿನ ಸುತ್ತ ಒಂದು ಸುತ್ತು ಬಂದು, ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ ನೋಡಿದರು. ಇಂಜಿನ್ನು ಅಲುಗಲಿಲ್ಲ. ಪಿಸ್ಟನ್ನುಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿದ್ದವು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಲ್ಲಿ ಎಣ್ಣೆ ಹೊಯ್ದು ಹೇಳಿದರು: “ಅಜ್ಜಾರೆ, ಹದಿನಾರು ವರ್ಷ ಮಲಗಿದ ಗಾಡಿ ಇದು. ಮಲಗಿದವರನ್ನ ಒದ್ದು ಎಬ್ಬಿಸಬಾರದು. ಎಂಟು ದಿನ ಎಣ್ಣಿ ಕುಡೀಲಿ, ಆಮ್ಯಾಲೆ ನೋಡಾಣು.”

ಎಂಟು ದಿನ ಕಾಯುವ ತಾಳ್ಮೆ ನಮಗಿರಲಿಲ್ಲ. ಉತ್ಸವದ ಕರೆಯೋಲೆ ಅಚ್ಚಿಗೆ ಹೋಗಿತ್ತು. ಮೂರನೆಯ ದಿನ, ಮೇಸ್ತ್ರಿಯವರು ಇಲ್ಲದ ಹೊತ್ತಿನಲ್ಲಿ, ಭಕ್ತರೊಬ್ಬರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿರೆಂದು ನಾವೇ ಅಪ್ಪಣೆ ಮಾಡಿದೆವು. ಹಿಂದಿನ ಚಕ್ರಗಳು ಸ್ವಲ್ಪ ದೂರ ಉಜ್ಜಿಕೊಂಡು ಹೋಗಿ, ಒಳಗೆ ಏನೋ ಮುರಿದ ಸದ್ದಾಗಿ, ಇಂಜಿನ್ನು ತಿರುಗಿತು. ನೆರೆದವರು ಜಯಘೋಷ ಮಾಡಿದರು. ಮರುದಿನ ಬಿಚ್ಚಿ ನೋಡಿದಾಗ ಪಿಸ್ಟನ್ ರಿಂಗುಗಳು ತುಂಡಾಗಿದ್ದವು. ಸಿಲಿಂಡರಿನ ಗೋಡೆಯಲ್ಲಿ ಗೀರು ಬಿದ್ದಿದ್ದವು. ಮೂವತ್ತನಾಲ್ಕು ವರ್ಷ ಗುರುಗಳನ್ನು ಹೊತ್ತು ನಡೆದ ಇಂಜಿನ್ನನ್ನು ಕೆಡಿಸಿದ್ದು ಹದಿನಾರು ವರ್ಷದ ತುಕ್ಕಲ್ಲ. ಒಂದು ಮುಹೂರ್ತದ ಆತುರ. ಲೇತಿನಲ್ಲಿ ಬೋರಿಂಗ್ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ನುಗಳನ್ನು ಹಾಕಿಸಬೇಕಾಯಿತು. ಮೇಸ್ತ್ರಿಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆ ಮೌನ ನಮಗೆ ಬೈಗುಳಕ್ಕಿಂತ ಭಾರವಾಯಿತು.

ಎರಡನೆಯ ತಪ್ಪು ಬೇರೊಂದು ಬಗೆಯದು. ಪಾಠಶಾಲೆಯ ಹುಡುಗರು ಸೇವೆಯೆಂದು ತಿಳಿದು ಒಂದೇ ಮಧ್ಯಾಹ್ನದಲ್ಲಿ ಬಾಗಿಲು, ದೀಪ, ಮೀಟರುಗಳನ್ನೆಲ್ಲ ಬಿಚ್ಚಿಹಾಕಿದರು. ನಟ್ಟು, ಬೋಲ್ಟು, ವಾಷರುಗಳೆಲ್ಲವೂ ಒಂದೇ ಎಣ್ಣೆಡಬ್ಬಿಯೊಳಗೆ ಬಿದ್ದವು. ಯಾವುದು ಎಲ್ಲಿಯದೆಂದು ಯಾರೂ ಗುರುತು ಹಾಕಲಿಲ್ಲ. ಬಿಚ್ಚಲು ಅರ್ಧ ದಿನ, ಜೋಡಿಸಲು ಮೂರು ವಾರ. ಎಲ್ಲ ಮುಗಿದ ಮೇಲೂ ಒಂದು ಹಿಡಿ ನಟ್ಟುಬೋಲ್ಟುಗಳು ಡಬ್ಬಿಯಲ್ಲಿ ಉಳಿದಿದ್ದವು. ಎಡಬದಿಯ ಬಾಗಿಲು ಇಂದಿಗೂ ಗಡಗಡ ಎನ್ನುತ್ತದೆ.

ಹಂಪೆಯ ನೆರೆಯಲ್ಲಿ ಬಾಳುವ ನಮಗೆ ಈ ಅವಿವೇಕಕ್ಕೆ ಕ್ಷಮೆಯಿಲ್ಲ. ಶಿಥಿಲವಾದ ಮಂಟಪವನ್ನು ಬಿಚ್ಚುವ ಮುನ್ನ ಅದರ ಚಿತ್ರವನ್ನು ತೆಗೆದು, ಪ್ರತಿಯೊಂದು ಕಲ್ಲಿಗೂ ಸಂಖ್ಯೆಯನ್ನು ಬರೆದು, ಅದೇ ಕ್ರಮದಲ್ಲಿ ಮರಳಿ ಜೋಡಿಸುವುದು ಪುರಾತತ್ತ್ವದವರ ಪದ್ಧತಿ. ಕೆಡವುವುದಕ್ಕೂ ಕಟ್ಟುವುದಕ್ಕೂ ಇರುವ ಅಂತರವನ್ನು ನಮ್ಮ ಸೀಮೆ 2019ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಕಂಡಿತು. ನಾಲ್ವರು ತರುಣರು ಹಂಪೆಯ ಗುಡಿಯೊಂದರ ಬಳಿಯಿದ್ದ ಕಂಬವನ್ನು ವಿನೋದಕ್ಕೆಂದು ತಳ್ಳಿ ಬೀಳಿಸಿದ ದೃಶ್ಯವನ್ನು ಅಂದು ದೇಶವೇ ನೋಡಿತು. ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿತು. ಕಂಬವನ್ನು ಮರಳಿ ನಿಲ್ಲಿಸುವ ಕೆಲಸಕ್ಕೂ ಅವರು ಕೈಗೂಡಿಸಬೇಕಾಯಿತು. ದಂಡಕ್ಕಿಂತ ಆ ಕೆಲಸವೇ ಹಿರಿದಾದ ಶಿಕ್ಷಣವೆಂದು ನಮ್ಮ ಭಾವನೆ. ಆ ತರುಣರು ದ್ವೇಷದಿಂದ ಕೆಡವಲಿಲ್ಲ, ನಮ್ಮ ಹುಡುಗರು ಪ್ರೀತಿಯಿಂದ ಬಿಚ್ಚಿದರು. ಆದರೂ ತಾನು ಮುಟ್ಟುತ್ತಿರುವುದು ಏನೆಂಬ ಅರಿವು ಇಬ್ಬರಿಗೂ ಇರಲಿಲ್ಲ. ಅರಿವಿಲ್ಲದ ಪ್ರೀತಿ ಕೈಗೆ ಬಂದಾಗ, ಅರಿವಿಲ್ಲದ ವಿನೋದದಷ್ಟೇ ಕೆಡಿಸಬಲ್ಲುದು.

ಮೂರನೆಯದು ಬಣ್ಣದ ಪಾಠ. ಬಾಗಿಲುಗಳ ಕೆಳಗೂ ಕಾಲಿಡುವ ತಗಡಿನ ಅಂಚಿಗೂ ತುಕ್ಕು ಹಿಡಿದಿತ್ತು. ಸಂಡೂರಿನ ದಾರಿಯ ಕೆಂಪು ಧೂಳು ತಗಡಿನ ಒಳಗಿನ ಪೊಳ್ಳಿನಲ್ಲಿ ಗಟ್ಟಿಯಾಗಿ ಕುಳಿತು, ಮಳೆಗಾಲದ ತೇವವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯಬೇಕಿತ್ತು. ದಿನಗಳು ಸಾಲವೆಂದು, ಮೇಲೆ ಪುಟ್ಟಿ ತುಂಬಿ ಉಜ್ಜಿ ಬಣ್ಣ ಹೊಡೆಸಿದೆವು. ಉತ್ಸವದ ದಿನ ಕಾರು ಕನ್ನಡಿಯಂತೆ ಹೊಳೆಯಿತು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣವೆಲ್ಲ ಗುಳ್ಳೆಯೆದ್ದು, ಬೆರಳಿನಿಂದ ಒತ್ತಿದರೆ ತಗಡು ಪುಡಿಯಾಗಿ ಉದುರತೊಡಗಿತು. ಮೇಲೆ ಬಣ್ಣ ಬಿದ್ದ ಮಾತ್ರಕ್ಕೆ ತುಕ್ಕು ಸಾಯುವುದಿಲ್ಲ. ಕಣ್ಣಿಗೆ ಕಾಣದಂತಾಗಿ ಇನ್ನಷ್ಟು ನಿರಾತಂಕವಾಗಿ ಬೆಳೆಯುತ್ತದೆ. ಮನಸ್ಸಿನ ದೋಷಗಳ ವಿಷಯದಲ್ಲಿಯೂ ಇದು ಹೀಗೆಯೇ ಎಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಮೂರು ತಪ್ಪುಗಳನ್ನು ಹಣದಿಂದಲೂ ಶ್ರಮದಿಂದಲೂ ಬಹುಮಟ್ಟಿಗೆ ತಿದ್ದಿಕೊಂಡೆವು. ನಾಲ್ಕನೆಯದನ್ನು ತಿದ್ದಲಾಗಲಿಲ್ಲ.

ಹಿಂದಿನ ಆಸನ ಹರಿದು, ಸ್ಪ್ರಿಂಗುಗಳು ಹೊರಬಂದು, ಇಲಿಗಳಿಂದ ಹೊಲಸಾಗಿತ್ತು. ಅದನ್ನು ಗುಜರಿಯವನಿಗೆ ಕೊಟ್ಟು, ಹೊಸ ರೆಕ್ಸಿನ್ ಹೊದಿಸಿದ ಆಸನವನ್ನು ಮಾಡಿಸಿದೆವು. ಉತ್ಸವದ ದಿನ ಸಾವಿರಾರು ಜನರ ಎದುರಿನಲ್ಲಿ, “ಇದೋ, ನಮ್ಮ ಗುರುಗಳು ಕುಳಿತು ನಾಡನ್ನು ಸುತ್ತಿದ ಕಾರು, ಇದ್ದ ಹಾಗೆಯೇ ನಿಮ್ಮ ಮುಂದೆ ನಿಂತಿದೆ” ಎಂದು ಹೇಳಿದೆವು. ಜನ ಸಾಲಾಗಿ ಬಂದು ಕೈಮುಗಿದರು. ಆ ಸಾಲಿನಲ್ಲಿ ಕಂಪ್ಲಿಯ ಕಡೆಯ ಒಬ್ಬ ವೃದ್ಧ ತಾಯಿ ಇದ್ದರು. ಆಸನವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮತ್ತೆ ಅದರ ಅಂಚಿನ ಮೇಲೆ ಕೈಯಾಡಿಸುತ್ತಾ ಏನನ್ನೋ ಹುಡುಕತೊಡಗಿದರು. ಬಹಳ ವರ್ಷಗಳ ಹಿಂದೆ ಗುರುಗಳು ಪಾದಪೂಜೆಗೆಂದು ಅವರ ಮನೆಗೆ ಹೋಗಿದ್ದಾಗ ಆಸನ ಮೊಳೆಗೆ ಸಿಕ್ಕಿ ಹರಿದಿತ್ತಂತೆ. ಚೀಲ ಹೊಲಿಯುವ ದಬ್ಬಣದಿಂದ ಅವರೇ ಅದನ್ನು ಹೊಲಿದುಕೊಟ್ಟಿದ್ದರಂತೆ. “ನನ್ನ ಹೊಲಿಗಿ ಎಲ್ಲೈತ್ರಿ ಅಜ್ಜಾರ?” ಎಂದು ಕೇಳಿದರು.

“ತೊಳೆದು ಒರೆಸಿದ್ದೇವೆ ತಾಯಿ, ಕಾಣದಂತಾಗಿರಬೇಕು” ಎಂದೆವು.

ಕಾವಿಯನ್ನುಟ್ಟು, ಗುರುಗಳ ಭಾವಚಿತ್ರದ ಎದುರಿನಲ್ಲಿ ನಿಂತು, ನಾವು ಆಡಿದ ಮಾತು ಅದು. ತಾಯಿ ಏನೂ ಹೇಳದೆ ಕೈಮುಗಿದು ಮುಂದೆ ಹೋದರು.

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಓದಿದ ಬುದ್ಧಿಯು ಇಂತಹ ಹೊತ್ತಿನಲ್ಲಿ ಸಮಾಧಾನಗಳನ್ನು ತಂದು ಮುಂದಿಡುವುದರಲ್ಲಿ ಬಹಳ ಚುರುಕು. ಗ್ರೀಕರ ವೀರ ಥೀಸಿಯಸ್ಸನ ಹಡಗಿನ ಪ್ರಶ್ನೆ ಪ್ರಸಿದ್ಧವಾದುದು. ಅಥೆನ್ಸಿನವರು ಆ ಹಡಗನ್ನು ಕಾಪಾಡುತ್ತಾ, ಕೊಳೆತ ಹಲಗೆಯನ್ನು ತೆಗೆದು ಹೊಸ ಹಲಗೆಯನ್ನು ಸೇರಿಸುತ್ತಾ ಬಂದರು. ಕೊನೆಗೆ ಉಳಿದುದು ಅದೇ ಹಡಗೋ ಬೇರೆಯದೋ ಎಂದು ಅಲ್ಲಿನ ಪಂಡಿತರು ವಾದಿಸಿದರೆಂದು ಪ್ಲುಟಾರ್ಕನು ಬರೆದಿದ್ದಾನೆ. ನಮ್ಮ ದೇಶದಲ್ಲಿ ಇದೇ ಪ್ರಶ್ನೆ ರಥದ ರೂಪದಲ್ಲಿ ಬಂದಿದೆ. ಭಿಕ್ಷು ನಾಗಸೇನನು ಯವನರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ಬಂದ ರಥವೆಂದರೆ ಚಕ್ರವೋ, ಅಚ್ಚೋ, ನೊಗವೋ? ಯಾವುದೂ ಅಲ್ಲ. ಎಲ್ಲವೂ ಕೂಡಿದಾಗ ಕರೆಯುವ ಹೆಸರು ಮಾತ್ರ ರಥ. ಇವನ್ನೆಲ್ಲ ಮನಸ್ಸಿಗೆ ತಂದುಕೊಂಡು, ಆಸನ ಬದಲಾದರೇನು, ಕಾರು ಅದೇ ಅಲ್ಲವೇ ಎಂದು ನಮಗೆ ನಾವೇ ಕೆಲವು ವರ್ಷ ಹೇಳಿಕೊಂಡೆವು.

ವಾದ ಸರಿಯಾಗಿಯೇ ಇರಬಹುದು. ಆದರೆ ಆ ತಾಯಿ ಕೇಳಿದುದು ಕಾರು ಅದೇ ಹೌದೋ ಅಲ್ಲವೋ ಎಂದಲ್ಲ. ನನ್ನ ಹೊಲಿಗೆ ಎಲ್ಲಿ ಎಂದು. ಮೊದಲನೆಯದು ಪದಾರ್ಥದ ಪ್ರಶ್ನೆ, ಎರಡನೆಯದು ಸತ್ಯದ ಪ್ರಶ್ನೆ. ಮೊದಲನೆಯದಕ್ಕೆ ಪಂಡಿತರು ಸಾವಿರ ಉತ್ತರಗಳನ್ನು ಕೊಡಬಹುದು. ಎರಡನೆಯದಕ್ಕೆ ಇದ್ದುದು ಒಂದೇ ಉತ್ತರ. ಅದನ್ನು ನಾವು ಕೊಡಲಿಲ್ಲ.

ಹಂಪೆಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡದವರಾರು? 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದು ದೇಶದ ಕೈಕೈಗೂ ಬಂದಿದೆ. ಒಂದೇ ಬಂಡೆಯಿಂದ ಕಡೆದುದೆಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ಅದು ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿ ಕಟ್ಟಿದ ಗರುಡನ ಗುಡಿ. ಗ್ರೀನ್‌ಲಾ ಎಂಬ ಆಂಗ್ಲ ಅಧಿಕಾರಿ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಇಲ್ಲ. ಮುಂದೆ ನಿಂತಿರುವ ಆನೆಗಳು ನಂತರದ ಕಾಲದಲ್ಲಿ ಇಟ್ಟವು. ಅವುಗಳ ಹಿಂದೆ, ಮೊದಲಿದ್ದ ಕುದುರೆಗಳ ಕಾಲು ಬಾಲಗಳ ಗುರುತು ಇನ್ನೂ ಕಾಣುತ್ತದೆ. ಆ ಗುರುತನ್ನು ಯಾರೂ ಉಜ್ಜಿ ಅಳಿಸಲಿಲ್ಲವೆಂಬುದೇ ನಮ್ಮ ಭಾಗ್ಯ. ಅದು ಉಳಿದಿರುವುದರಿಂದ, ಇಲ್ಲಿ ಒಂದು ಬದಲಾವಣೆಯಾಗಿದೆ ಎಂಬ ಸತ್ಯವೂ ಉಳಿದಿದೆ. 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಹಳೆಯ ಕಟ್ಟಡಗಳ ರಕ್ಷಣೆಗೆಂದು ಮಾಡಿದ ಸನ್ನದಿನಲ್ಲಿ ಎರಡು ವಿಧಿಗಳು ಮನನೀಯವಾಗಿವೆ. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂಬುದು ಒಂದು. ಹೊಸದಾಗಿ ಸೇರಿಸಿದ ಭಾಗ ಹಳೆಯದರೊಡನೆ ಹೊಂದಿಕೊಳ್ಳಬೇಕು, ಆದರೆ ಹಳೆಯದೆಂದು ನೋಡುವವರನ್ನು ವಂಚಿಸಬಾರದೆಂಬುದು ಇನ್ನೊಂದು. ಕಲ್ಲಿನ ವಿಷಯದಲ್ಲಿ ಲೋಕ ಒಪ್ಪಿದ ಈ ನಿಯಮವನ್ನು ತಗಡಿನ ಕಾರಿನ ವಿಷಯದಲ್ಲಿ ನಾವು ಪಾಲಿಸಲಿಲ್ಲ.

2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗಾಗಿ ಹೊಸ ನಿಯಮಗಳನ್ನು ತಂದಿತು. ಮೊದಲ ನೋಂದಣಿಯಾಗಿ 50 ವರ್ಷಕ್ಕೂ ಮೇಲಾಗಿದ್ದು, ಮೂಲರೂಪದಲ್ಲಿಯೇ ಉಳಿದು, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡಾಗದ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ದೊರೆಯುವುದೆಂದು ತಿಳಿಯಿತು. ಮಠದ ಕಾರ್ಯದರ್ಶಿಗಳು ಕಾಗದಗಳನ್ನು ತಂದು ನಮ್ಮ ಮುಂದಿಟ್ಟರು. ಕೊರೆದ ಸಿಲಿಂಡರು, ಕತ್ತರಿಸಿ ಬೆಸೆದ ತಗಡು, ಗುಜರಿಗೆ ಹೋದ ಆಸನ, ಎಲ್ಲವೂ ನೆನಪಿಗೆ ಬಂದವು. ಮೂಲರೂಪದಲ್ಲಿದೆ ಎಂಬ ಮಾತಿನ ಕೆಳಗೆ ರುಜು ಹಾಕಲು ಕೈ ಏಳಲಿಲ್ಲ. ಸರಕಾರದ ಕಾಗದದ ಮೇಲೆ ಹೇಳಲಾಗದ ಸುಳ್ಳನ್ನು ಒಬ್ಬ ಮುಗ್ಧ ತಾಯಿಯ ಮುಂದೆ ಸುಲಭವಾಗಿ ಹೇಳಿದ್ದೆವಲ್ಲ ಎಂದು ಆಗ ನಾಚಿಕೆಯಾಯಿತು. ಅರ್ಜಿಯನ್ನು ಬದಿಗಿಟ್ಟು, ಅದೇ ವಾರ ಕಂಪ್ಲಿಯ ದಾರಿ ಹಿಡಿದೆವು.

ಆ ದಾರಿಯಲ್ಲಿ ಹೋದವರಿಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಕಾಣುತ್ತವೆ. ತುರ್ತು ಕಾಲುವೆ, ರಾಮಸಾಗರದ ಕಾಲುವೆ, ಕಂಪ್ಲಿಯ ಕಾಲುವೆ. ಅರಸೊತ್ತಿಗೆ ಅಳಿಯಿತು, ಅರಮನೆಗಳು ಅಡಿಪಾಯ ಮಾತ್ರವಾದವು. ಕಾಲುವೆಗಳಲ್ಲಿ ನೀರು ಹರಿಯುತ್ತಲೇ ಇದೆ, ಬತ್ತ, ಬಾಳೆ, ಕಬ್ಬು ಬೆಳೆಯುತ್ತಲೇ ಇವೆ. ಏಕೆಂದರೆ ರೈತನಿಗೆ ಅವು ದಿನವೂ ಬೇಕು. ಹೂಳು ತುಂಬಿದರೆ ತೆಗೆಯುತ್ತಾನೆ, ದಡ ಕುಸಿದರೆ ಮಣ್ಣು ಹಾಕುತ್ತಾನೆ. ಉಪಯೋಗವೂ ಆರೈಕೆಯೂ ಕೂಡಿದಲ್ಲಿ ಜೀರ್ಣೋದ್ಧಾರದ ಪ್ರಸಂಗವೇ ವಿರಳ. ನಮ್ಮ ಕಾರನ್ನು ತಿಂಗಳಿಗೊಮ್ಮೆ ನಡೆಸಿ, ಎಣ್ಣೆ ಬದಲಿಸಿ, ಒರೆಸಿ ಇಟ್ಟಿದ್ದರೆ ಈ ಕಥೆಗೆ ಅವಕಾಶವೇ ಇರುತ್ತಿರಲಿಲ್ಲ. ಮುಂದೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ಕಂಪ್ಲಿಯ ಬಯಲೆಲ್ಲ ಉಸಿರು ಬಿಗಿಹಿಡಿಯಿತು. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರ ಮಾರ್ಗದರ್ಶನದಲ್ಲಿ ಕೆಲಸಗಾರರು, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗಳನ್ನಿಳಿಸಿ ಒಂದು ವಾರದೊಳಗಾಗಿ ನೀರನ್ನು ತಡೆದರು. ಆ ಸಾಹಸಕ್ಕೆ ನಾಡು ಕೃತಜ್ಞವಾಗಿದೆ. ಆದರೆ ಎಪ್ಪತ್ತು ವರ್ಷ ಅರವತ್ತು ಅಡಿ ಅಗಲದ ಗೇಟನ್ನು ಹಿಡಿದು ನಿಂತ ಸರಪಳಿಯ ಕೊಂಡಿಯ ಕಡೆಗೆ ನಮ್ಮ ಗಮನ ಹೋಗುವುದು ಅದು ಕಡಿದ ಮೇಲೆಯೇ ಎಂಬುದನ್ನೂ ಮರೆಯಬಾರದು.

ತಾಯಿಯ ಮನೆಗೆ ಹೋಗಿ, ಪಡಸಾಲೆಯಲ್ಲಿ ಕುಳಿತು, ನಡೆದುದನ್ನು ಹೇಳಿದೆವು. ಆಸನವನ್ನು ಗುಜರಿಗೆ ಹಾಕಿದೆವು, ನಿಮಗೆ ಸುಳ್ಳು ಹೇಳಿದೆವು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗ ಅವತ್ತೇ ಗೊತ್ತಾಗಿತ್ರೀ. ಕಣ್ಣು ಮಂಜಾದ್ರೂ ಕೈ ಮರೀತೈತೇನು? ನೀವು ಯಾವಾಗ ಹೇಳತೀರೋ ಅಂತಿದ್ದೆ” ಎಂದರು. ನಮ್ಮ ಜೊತೆಗಿದ್ದ ಭಕ್ತರೊಬ್ಬರು ನಮ್ಮ ಸಂಕಟವನ್ನು ನೋಡಲಾರದೆ, ಹೊಸ ಆಸನವನ್ನು ಅದೇ ಜಾಗದಲ್ಲಿ ತುಸು ಹರಿದು ತಾಯಿಯವರಿಂದಲೇ ಮತ್ತೆ ಹೊಲಿಸೋಣವೆಂದು ಸೂಚಿಸಿದರು. ತಾಯಿ ನಕ್ಕುಬಿಟ್ಟರು. “ಹರೀದೇ ಇದ್ದದ್ದನ್ನ ಯಾಕ ಹೊಲೀಲಿ?” ಎಂದರು. ವೆನಿಸ್ಸಿನ ತಜ್ಞರ ಸನ್ನದು ಹೇಳಿದುದನ್ನು ಅಕ್ಷರ ಬಾರದ ಆ ತಾಯಿ ಅಷ್ಟರಲ್ಲಿ ಮುಗಿಸಿದ್ದರು.

ಮಠಕ್ಕೆ ಹಿಂದಿರುಗಿದ ಮೇಲೆ ಹೊಸಪೇಟೆಯ ಗುಜರಿ ಅಂಗಡಿಗಳಲ್ಲೆಲ್ಲ ವಿಚಾರಿಸಿದೆವು. ಏಳು ವರ್ಷದ ಹಿಂದಿನ ಆಸನ ಎಲ್ಲಿ ಸಿಕ್ಕೀತು? ಕಾರಿನ ಪಕ್ಕದಲ್ಲಿ ಈಗ ಒಂದು ಹಲಗೆಯನ್ನು ನಿಲ್ಲಿಸಿದ್ದೇವೆ. ಯಾವುದು ಗುರುಗಳ ಕಾಲದ್ದು, ಯಾವುದು 2014ರ ನಂತರದ್ದು ಎಂಬುದನ್ನು ಅದರ ಮೇಲೆ ಬರೆಸಲಾಗಿದೆ. ಕೊನೆಯ ಸಾಲಿನಲ್ಲಿ, ಮೂಲ ಆಸನವು ಈಗಿನ ಸ್ವಾಮಿಗಳ ಅವಿವೇಕದಿಂದ ನಷ್ಟವಾಯಿತೆಂದಿದೆ. ಇದರಿಂದ ಮಠದ ಗೌರವಕ್ಕೆ ಕುಂದು ಬರುವುದೆಂದು ಕೆಲವರು ಹೇಳಿದರು. ಕುಂದನ್ನು ಪುಟ್ಟಿಯಿಂದ ಮುಚ್ಚಿದರೆ ಏನಾಗುವುದೆಂದು ಒಮ್ಮೆ ಕಂಡವರಾದ್ದರಿಂದ ಆ ಮಾತನ್ನು ಕೇಳಲಿಲ್ಲ.

ಈಗ ತಿಂಗಳಿಗೊಮ್ಮೆ ಕಾರನ್ನು ಹೊರತೆಗೆದು ಕಮಲಾಪುರದವರೆಗೆ ನಡೆಸಿ ತರುತ್ತೇವೆ. ನಡೆಯಬೇಕಾದುದನ್ನು ನಿಲ್ಲಿಸಿ ಪೂಜಿಸುವುದು ಅದಕ್ಕೆ ಮಾಡುವ ಗೌರವವಲ್ಲ. ಸ್ಥಾವರ ಜಂಗಮಗಳ ಭೇದವನ್ನು ಬಲ್ಲ ನಮ್ಮ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಮೇಸ್ತ್ರಿಯವರು ಬಂದಾಗಲೆಲ್ಲ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ, ಕಿವಿಯಿಟ್ಟು ಕೇಳಿ, ಬಳಿಕ ಕೀಲಿ ಹಾಕುತ್ತಾರೆ.

ವಾಚಕರಲ್ಲಿ ಪ್ರತಿಯೊಬ್ಬರಿಗೂ ಹಿರಿಯರಿಂದ ಬಂದ ಯಾವುದೋ ಒಂದು ಹಳೆಯ ವಸ್ತು ಇದ್ದೇ ಇದೆ. ಮನೆಯಾಗಿರಬಹುದು, ಬಾವಿಯಾಗಿರಬಹುದು, ಒಂದು ಹೊಲದ ಬದುವಾಗಿರಬಹುದು, ಮಾತು ನಿಂತ ಒಂದು ಸಂಬಂಧವೂ ಆಗಿರಬಹುದು. ಅದನ್ನು ಎತ್ತಿ ನಿಲ್ಲಿಸುವ ಮನಸ್ಸಾದರೆ ಕೈಯಿಡಿ. ಆದರೆ ಎಂಟು ದಿನ ಎಣ್ಣೆ ಕುಡಿಯಲಿ. ಬಿಚ್ಚುವ ಮುನ್ನ ಗುರುತು ಹಾಕಿ. ತುಕ್ಕಿನ ಮೇಲೆ ಬಣ್ಣ ಹಚ್ಚಬೇಡಿ. ಕಳೆದುಹೋದುದನ್ನು ಕಳೆದುಹೋಯಿತೆಂದೇ ಹೇಳಿ. ಹೊಲಿಗೆಯನ್ನು ಹುಡುಕುವ ಕೈಗೆ ಅಷ್ಟು ಸಲ್ಲಲೇಬೇಕು.